ಓದುಗರ ಪ್ರಶ್ನೆ: ಕಡಲ ಮೇಲೆ ತೇಲುವ ಪವರ್ ಹೌಸ್

ಕಳೆದ ಸಂಚಿಕೆಯಲ್ಲಿ ನವಮಂಗಳೂರು ಬಂದರಿಗೆ ಬಂದು ಹೋಗುವ ಪ್ರವಾಸಿ ಹಡಗುಗಳ ಚಿತ್ರ ಹಾಕಿದ್ದೆವು. ಅವುಗಳ ಎಂಜಿನ್ ಬಗ್ಗೆ ಕೇಳಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಡಲಿನಿಂದ ದೂರದ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳವು. ಬರೆದವರಲ್ಲಿ ಬಹಳ ಮಂದಿ ಮೋಟರು, ಜನರೇಟರು, ಪಂಪುಗಳ ನಡುವೆಯೇ ದಿನ ಕಳೆಯುವವರು. ಉತ್ತರಗಳನ್ನೂ ಆ ಕೆಲಸದ ಮಾತಿನಲ್ಲೇ ಕೊಟ್ಟಿದ್ದೇವೆ.

ಪ್ರಶ್ನೆ: ಅಷ್ಟು ದೊಡ್ಡ ಹಡಗಿಗೆ ಎಂಜಿನ್ ಒಂದೋ, ಎರಡೋ? ಹಿಂದಿನ ಫ್ಯಾನಿಗೆ ನೇರ ಜೋಡಿಸಿರುತ್ತಾರೋ, ನಡುವೆ ಗೇರ್ ಬಾಕ್ಸ್ ಇರುತ್ತದೋ?
— ರೈಸ್ ಮಿಲ್ ಜನರೇಟರ್ ಆಪರೇಟರ್, ಸಿಂಧನೂರು

ಉತ್ತರ: ಈಗಿನ ದೊಡ್ಡ ಪ್ರವಾಸಿ ಹಡಗುಗಳಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ಡೀಸೆಲ್ ಎಂಜಿನ್ ಇರುತ್ತವೆ. ಅವುಗಳಲ್ಲಿ ಒಂದನ್ನೂ ಫ್ಯಾನಿಗೆ, ಅಂದರೆ ಪ್ರೊಪೆಲ್ಲರ್‌ಗೆ, ಜೋಡಿಸಿರುವುದಿಲ್ಲ. ಪ್ರತಿ ಎಂಜಿನ್ನಿನ ಬೆನ್ನಿಗೆ ಒಂದು ಆಲ್ಟರ್ನೇಟರ್ ಇರುತ್ತದೆ, ಥೇಟ್ ನಿಮ್ಮ ಮಿಲ್ಲಿನ ಜನರೇಟರಿನ ಹಾಗೆ. ಎಲ್ಲ ಆಲ್ಟರ್ನೇಟರುಗಳ ಕರೆಂಟ್ ದೊಡ್ಡ ಪ್ಯಾನೆಲ್ ಬೋರ್ಡಿಗೆ ಬರುತ್ತದೆ. ಅಲ್ಲಿಂದ ಪ್ರೊಪೆಲ್ಲರ್ ಮೋಟರಿಗೂ ಹೋಗುತ್ತದೆ, ಅಡುಗೆಮನೆ, ಲಿಫ್ಟು, ಎ.ಸಿ., ಈಜುಕೊಳದ ಪಂಪಿಗೂ ಹೋಗುತ್ತದೆ. ಪ್ರೊಪೆಲ್ಲರ್ ಆ ಪವರ್ ಹೌಸಿನ ಒಬ್ಬ ಗ್ರಾಹಕ ಮಾತ್ರ; ಎಲ್ಲರಿಗಿಂತ ದೊಡ್ಡ ಗ್ರಾಹಕ ಅನ್ನುವುದು ನಿಜ. ಇದಿಷ್ಟು ಮನಸ್ಸಿಗೆ ಹತ್ತಿದರೆ ಹಡಗಿನ ಉಳಿದ ಎಲ್ಲ ಸಂಗತಿ ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

ಇದೇ ಏರ್ಪಾಟನ್ನು ನೀವು ರೈಲು ಹಳಿಯ ಮೇಲೆ ನೋಡಿದ್ದೀರಿ. ಅದಿರಿನ ಗೂಡ್ಸ್ ಎಳೆಯುವ ಡೀಸೆಲ್ ಲೋಕೊಗಳಲ್ಲಿಯೂ ಎಂಜಿನ್ ಚಕ್ರ ತಿರುಗಿಸುವುದಿಲ್ಲ. ಅದು ಕರೆಂಟ್ ಹುಟ್ಟಿಸುತ್ತದೆ, ಚಕ್ರ ತಿರುಗಿಸುವುದು ಆಕ್ಸಲ್ ಮೇಲಿನ ಮೋಟರು.

ಹೀಗೆ ಶಕ್ತಿಯನ್ನು ಕರೆಂಟ್ ಮಾಡಿ ಮತ್ತೆ ತಿರುಗುವಿಕೆ ಮಾಡುವಾಗ ನೂರಕ್ಕೆ ಎಂಟು-ಹತ್ತರಷ್ಟು ಸೋರಿಹೋಗುತ್ತದೆ. ಸೋರಿದರೂ ಲಾಭವೇ, ಏಕೆಂದರೆ ಹಡಗಿನ ಲೋಡು ದಿನವಿಡೀ ಒಂದೇ ಸಮ ಇರುವುದಿಲ್ಲ. ಬಂದರಿನಲ್ಲಿ ನಿಂತಾಗ ದೊಡ್ಡ ಹಡಗಿಗೆ ಹತ್ತು ಮೆಗಾವ್ಯಾಟಿನ ಆಸುಪಾಸು ಸಾಕು. ಪೂರ್ಣ ವೇಗದಲ್ಲಿ ಹೊರಟರೆ ಅದರ ಐದಾರು ಪಟ್ಟು ಬೇಕು. ಡೀಸೆಲ್ ಎಂಜಿನ್ ನೆಮ್ಮದಿಯಾಗಿ ಓಡುವುದು ನೂರಕ್ಕೆ ಎಂಬತ್ತು-ಎಂಬತ್ತೈದರ ಲೋಡಿನಲ್ಲಿ. 125 ಕೆವಿಎ ಸೆಟ್ಟಿನ ಮೇಲೆ ಬರೀ ಲೈಟು ಹಾಕಿ ತಿಂಗಳುಗಟ್ಟಲೆ ಓಡಿಸಿದರೆ ಸೈಲೆನ್ಸರಿನಿಂದ ಕಪ್ಪು ಎಣ್ಣೆ ತೊಟ್ಟಿಕ್ಕುವುದು ನಿಮಗೆ ಗೊತ್ತೇ ಇದೆ. ಹಡಗಿನಲ್ಲೂ ಅದೇ ಕತೆ: ಕಡಿಮೆ ಲೋಡಿನಲ್ಲಿ ಎಣ್ಣೆ ಪೂರ್ತಿ ಉರಿಯುವುದಿಲ್ಲ, ಪಿಸ್ಟನ್ ತಲೆಗೂ ಟರ್ಬೊ ಎಲೆಗಳಿಗೂ ಮಸಿ ಕಟ್ಟುತ್ತದೆ. ಅದಕ್ಕೇ ಒಂದು ದೈತ್ಯ ಎಂಜಿನ್ ಬದಲು ಐದಾರು ಇಟ್ಟು, ಬೇಕಾದಷ್ಟನ್ನೇ ಒಳ್ಳೆ ಲೋಡಿನಲ್ಲಿ ಓಡಿಸುತ್ತಾರೆ. 1969ರಲ್ಲಿ ಉಗಿ ಟರ್ಬೈನಿನೊಂದಿಗೆ ಸೇವೆಗಿಳಿದ ಕ್ವೀನ್ ಎಲಿಜಬೆತ್ 2 ಹಡಗಿನ ಬಾಯ್ಲರುಗಳನ್ನೆಲ್ಲ 1986-87ರಲ್ಲಿ ಕಿತ್ತು, ಒಂಬತ್ತು ಡೀಸೆಲ್ ಜನರೇಟರ್ ಕೂರಿಸಿದ್ದು ಇದೇ ಲೆಕ್ಕಕ್ಕೆ.

ಪ್ರಶ್ನೆ: ನಮ್ಮಲ್ಲಿ ಟರ್ಬೈನ್ 3000 ಆರ್‌ಪಿಎಂ, 50 ಹರ್ಟ್ಸ್. ಹಡಗಿನಲ್ಲಿ ಎಷ್ಟು? ಅಲ್ಲಿಯೂ ಸಿಂಕ್ರೊನೈಸ್ ಮಾಡುತ್ತಾರೆಯೇ?
— ವಿದ್ಯುತ್ ಕಾರ್ಮಿಕ, ಶಕ್ತಿನಗರ

ಉತ್ತರ: ಹಡಗಿನಲ್ಲಿ ಹೆಚ್ಚಾಗಿ 60 ಹರ್ಟ್ಸ್. ಎಂಜಿನ್ ವೇಗ ಬಹಳ ನಿಧಾನ, ನಿಮಿಷಕ್ಕೆ 514 ಸುತ್ತು, ಅಂದರೆ 514 ಆರ್‌ಪಿಎಂ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂದರೆ ನಿಮಗೆ ಗೊತ್ತಿರುವ ಸೂತ್ರದಿಂದಲೇ: 120ನ್ನು ಹರ್ಟ್ಸ್‌ನಿಂದ ಗುಣಿಸಿ ಪೋಲುಗಳ, ಅಂದರೆ ಅಯಸ್ಕಾಂತ ಧ್ರುವಗಳ, ಸಂಖ್ಯೆಯಿಂದ ಭಾಗಿಸಿ. ಶಕ್ತಿನಗರದ ಜನರೇಟರಿಗೆ ಎರಡು ಪೋಲು, ಆದ್ದರಿಂದ 3000. ಹಡಗಿನ ಆಲ್ಟರ್ನೇಟರಿಗೆ ಹದಿನಾಲ್ಕು ಪೋಲು, 7200 ಭಾಗಿಸು 14 ಅಂದರೆ 514.

ಕ್ವೀನ್ ಮೇರಿ 2 ಎಂಬ ಹಡಗಿನಲ್ಲಿ ಇಂಥ ನಾಲ್ಕು ವಾರ್ಟ್ಸಿಲಾ ಕಂಪನಿಯ ಎಂಜಿನ್‌ಗಳಿವೆ. ಒಂದೊಂದಕ್ಕೆ 16 ಸಿಲಿಂಡರ್, ಸಿಲಿಂಡರಿನ ಬೋರ್ 46 ಸೆಂಟಿಮೀಟರ್ — ನೀರಿನ ಕೊಡ ಸಲೀಸಾಗಿ ಇಳಿಯುವಷ್ಟು ಅಗಲ — ಸ್ಟ್ರೋಕ್ 58 ಸೆಂಟಿಮೀಟರ್. ಒಂದು ಸಿಲಿಂಡರ್ 1050 ಕಿಲೋವ್ಯಾಟ್ ಕೊಡುತ್ತದೆ, ಒಂದು ಎಂಜಿನ್ 16.8 ಮೆಗಾವ್ಯಾಟ್. ಅವಸರಕ್ಕೆ ಎರಡು ಗ್ಯಾಸ್ ಟರ್ಬೈನ್ ಬೇರೆ. ಎಲ್ಲ ಸೇರಿಸಿದರೆ ಸುಮಾರು 117 ಮೆಗಾವ್ಯಾಟ್, ಅಂದರೆ ನಿಮ್ಮ 210 ಮೆಗಾವ್ಯಾಟಿನ ಒಂದು ಯೂನಿಟ್ಟಿನ ಅರ್ಧಕ್ಕಿಂತ ತುಸು ಹೆಚ್ಚು. ವೋಲ್ಟೇಜು 11 ಕೆ.ವಿ., ಊರೂರಿಗೆ ಹೋಗುವ ಫೀಡರಿನಷ್ಟೇ. 415 ವೋಲ್ಟಿನಲ್ಲಿ ಇಷ್ಟು ಶಕ್ತಿ ಒಯ್ಯಲು ಇಪ್ಪತ್ತಾರು ಪಟ್ಟು ಆಂಪಿಯರ್ ಬೇಕಾಗುತ್ತಿತ್ತು. ಅಷ್ಟು ದಪ್ಪದ ಕೇಬಲ್ ಎಳೆಯಲು ಹಡಗಿನಲ್ಲಿ ಜಾಗ ಎಲ್ಲಿದೆ?

ಸಿಂಕ್ರೊನೈಸ್ ಮಾಡುವ, ಅಂದರೆ ಓಡುತ್ತಿರುವ ಜನರೇಟರುಗಳ ತಾಳಕ್ಕೆ ಹೊಂದಿಸಿ ಇನ್ನೊಂದನ್ನು ಸೇರಿಸುವ, ಕ್ರಮ ನಿಮ್ಮಲ್ಲಿಯದೇ. ನಿಂತ ಎಂಜಿನ್ನಿನ ಜಾಕೆಟ್ ನೀರನ್ನು ಮೊದಲೇ ಬಿಸಿ ಇಟ್ಟಿರುತ್ತಾರೆ. ಪ್ರೀ-ಲ್ಯೂಬ್ ಪಂಪಿನಿಂದ ಬೇರಿಂಗುಗಳಿಗೆ ಎಣ್ಣೆ ಹೋದದ್ದು ಗೇಜಿನಲ್ಲಿ ಕಂಡ ಮೇಲೆ, ಸಿಲಿಂಡರುಗಳ ಸಣ್ಣ ನಲ್ಲಿಗಳಾದ ಇಂಡಿಕೇಟರ್ ಕಾಕ್‌ಗಳನ್ನು ತೆರೆದು ನಿಧಾನ ಒಂದೆರಡು ಸುತ್ತು ತಿರುಗಿಸುತ್ತಾರೆ. ಯಾವುದಾದರೂ ಸಿಲಿಂಡರಿನಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಅಲ್ಲಿಂದ ಚಿಮ್ಮಿ ಗೊತ್ತಾಗುತ್ತದೆ. ಈ ಹೆಜ್ಜೆ ತಪ್ಪಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಏಕೆಂದರೆ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಕಾಕ್ ಮುಚ್ಚಿದ ಮೇಲೆ 30 ಬಾರ್ ಒತ್ತಡದ ಗಾಳಿ ಬಿಟ್ಟು ಸ್ಟಾರ್ಟ್. ವೋಲ್ಟೇಜು, ಹರ್ಟ್ಸ್ ಹೊಂದಿದ ಬಳಿಕ ಸಿಂಕ್ರೊಸ್ಕೋಪಿನ ಮುಳ್ಳು ಗಡಿಯಾರದ ದಿಕ್ಕಿನಲ್ಲಿ ನಿಧಾನವಾಗಿ ಸುತ್ತುತ್ತಿರಬೇಕು, ಹನ್ನೆರಡಕ್ಕೆ ಇನ್ನೇನು ತಲುಪಿತು ಅನ್ನುವಾಗ ಬ್ರೇಕರ್ ಹಾಕಬೇಕು. ಮಾಮೂಲಿ ದಿನಗಳಲ್ಲಿ ಇದನ್ನೆಲ್ಲ ಪವರ್ ಮ್ಯಾನೇಜ್‌ಮೆಂಟ್ ಕಂಪ್ಯೂಟರೇ ಮಾಡುತ್ತದೆ. ಆದರೂ ಕೈಯಿಂದ ಮಾಡಲು ಬರುವುದು ಎಂಜಿನಿಯರಿಗೆ ಕಡ್ಡಾಯವಾಗಿ ಗೊತ್ತಿರಬೇಕು.

ಪ್ರಶ್ನೆ: ಮೋಟರನ್ನೇ ನೀರೊಳಗೆ ಇಳಿಬಿಟ್ಟಿರುತ್ತಾರಂತೆ. ನಮ್ಮ ಸಬ್‌ಮರ್ಸಿಬಲ್ ಮೋಟರಿನ ತರಹವೇ?
— ಮೋಟರ್ ವೈಂಡಿಂಗ್ ಅಂಗಡಿ, ಗಂಗಾವತಿ

ಉತ್ತರ: ನೋಡಲು ಹಾಗೆಯೇ, ಒಳಗೆ ತದ್ವಿರುದ್ಧ. ಬೋರ್‌ವೆಲ್ಲಿನ ನೀರು ತುಂಬುವ ಮೋಟರಿಗೆ ನೀವು ಒಳಗೆ ನೀರು ತುಂಬಿಸಿಯೇ ಇಳಿಸುತ್ತೀರಿ, ಅದರ ವೈಂಡಿಂಗ್ ತಂತಿಗೇ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಹಡಗಿನ ಪಾಡ್, ಅಂದರೆ ಮೋಟರ್ ಇಟ್ಟು ನೀರೊಳಗೆ ಇಳಿಬಿಟ್ಟ ಗೂಡು; ಅದರೊಳಗೆ ಒಂದು ಹನಿ ನೀರೂ ಬರಕೂಡದು, ಏಕೆಂದರೆ ಅಲ್ಲಿರುವುದು ಸಾವಿರಾರು ವೋಲ್ಟಿನ, 15-20 ಮೆಗಾವ್ಯಾಟಿನ ಒಣ ಮೋಟರು.

ಹಡಗಿನ ಹಿಂಭಾಗದ ತಳದಿಂದ ಉಕ್ಕಿನ ಗೂಡೊಂದು ನೇತಾಡುತ್ತಿರುತ್ತದೆ. ಅದರೊಳಗೆ ಮೋಟರ್, ಮೋಟರಿನ ಶಾಫ್ಟ್ ತುದಿಗೇ ಸುಮಾರು 6 ಮೀಟರ್ ಅಡ್ಡಳತೆಯ ಪ್ರೊಪೆಲ್ಲರ್. ಗೇರ್ ಇಲ್ಲ. ಪ್ರೊಪೆಲ್ಲರ್ ಗೂಡಿನ ಮುಂಬದಿಗಿದ್ದು ಹಡಗನ್ನು ಎಳೆಯುತ್ತದೆ, ತಳ್ಳುವುದಿಲ್ಲ. ಮುಂದೆ ಇದ್ದರೆ ಕಲಕದ ನೀರು ಸಿಗುತ್ತದೆ, ಅದರುವಿಕೆ ಕಡಿಮೆ. ಇಡೀ ಗೂಡು 360 ಡಿಗ್ರಿ ಸುತ್ತಬಲ್ಲದು, ಹಾಗಾಗಿ ಚುಕ್ಕಾಣಿ ಬೇಡ. ಸುತ್ತುವ ಗೂಡಿಗೆ ಕರೆಂಟ್ ಸ್ಲಿಪ್ ರಿಂಗ್ ಮೂಲಕ ಹೋಗುತ್ತದೆ. ವೇಗ ಹೆಚ್ಚು-ಕಡಿಮೆ ಮಾಡುವುದು ಫ್ರೀಕ್ವೆನ್ಸಿ ಡ್ರೈವ್, ಈಗ ನಿಮ್ಮಲ್ಲಿ ರಿಪೇರಿಗೆ ಬರುವ ವಿಎಫ್‌ಡಿಯ ದೊಡ್ಡಣ್ಣ. ಈ ಮಾದರಿ ಮೊದಲು 1990ರಲ್ಲಿ ಫಿನ್ಲೆಂಡಿನ ಸೈಲಿ ಎಂಬ ಸಣ್ಣ ಸೇವಾ ಹಡಗಿಗೆ ಬಂತು, ಆಗ ಅದು 1.5 ಮೆಗಾವ್ಯಾಟಿನದು. ಪ್ರವಾಸಿ ಹಡಗುಗಳ ಪೈಕಿ ಮೊದಲು ಹಾಕಿಸಿಕೊಂಡದ್ದು 1998ರ ಇಲೇಶನ್, ತಲಾ 14 ಮೆಗಾವ್ಯಾಟಿನ ಎರಡು.

ಕೆಡುವುದು ಹೆಚ್ಚಾಗಿ ಏನು? ವೈಂಡಿಂಗಿಗಿಂತ ಸೀಲು, ಬೇರಿಂಗು. ಶಾಫ್ಟ್ ಹೊರಬರುವ ಕಡೆ ಒಂದರ ಹಿಂದೆ ಒಂದು ಸೀಲುಗಳಿರುತ್ತವೆ. ಬಂದರಿನ ಹತ್ತಿರ ಮೀನಿನ ಬಲೆ, ನೈಲಾನ್ ಹಗ್ಗ ಸುತ್ತಿಕೊಂಡರೆ ಹೊರಗಿನ ಸೀಲು ಮೊದಲು ಹರಿಯುತ್ತದೆ. ಸೋರಿದ ನೀರು ಗೂಡಿನ ತಳದ ಗುಂಡಿಗೆ ಇಳಿಯುತ್ತದೆ. ಅಲ್ಲಿ ಸೆನ್ಸರ್ ಕೂಗಿ ಪಂಪ್ ಶುರುವಾಗುತ್ತದೆ. ಹಡಗನ್ನು ಎಳೆಯುವ ಬಲವನ್ನೆಲ್ಲ ತಡೆದುಕೊಳ್ಳುವುದು ಒಂದು ಥ್ರಸ್ಟ್ ಬೇರಿಂಗ್. ಕ್ವೀನ್ ಮೇರಿ 2ರ ಪಾಡ್‌ಗಳಲ್ಲಿ ಅದು ಮೇಲಿಂದ ಮೇಲೆ ಹಾಳಾಗಿ ಪ್ರಕರಣ ಅಮೆರಿಕದ ಕೋರ್ಟ್ ಹತ್ತಿತ್ತು. ಬೇರಿಂಗ್ ಎಣ್ಣೆಯ ಸ್ಯಾಂಪಲ್ ತೆಗೆದು ಅದರಲ್ಲಿ ಕಬ್ಬಿಣದ ಪುಡಿ ಎಷ್ಟಿದೆ ಎಂದು ನೋಡುತ್ತಿರುವುದೇ ಮುನ್ನೆಚ್ಚರಿಕೆ. ಹಳೆಯ ಪಾಡ್‌ಗಳ ಬೇರಿಂಗ್ ಬದಲಿಸಲು ಹಡಗನ್ನು ಡ್ರೈ ಡಾಕಿಗೆ ಏರಿಸಬೇಕಿತ್ತು. ಹೊಸ ಮಾದರಿಗಳಲ್ಲಿ ಗೂಡಿನೊಳಗೆ ಇಳಿದು ಅಲ್ಲೇ ಕೆಲಸ ಮಾಡಲು ಅನುಕೂಲ ಮಾಡಿದ್ದಾರೆ, ನಮ್ಮ ಲೆಕ್ಕದಲ್ಲಿ ಪಾಡ್‌ಗೆ ಆದ ದೊಡ್ಡ ಸುಧಾರಣೆ ಅದೇ.

ಪ್ರಶ್ನೆ: ಆನೆಗೊಂದಿಯಲ್ಲಿ ಹರಿಗೋಲು ಇದ್ದಲ್ಲೇ ಗರಗರ ತಿರುಗುತ್ತದೆ. ದೊಡ್ಡ ಹಡಗು ಹಾಗೆ ತಿರುಗಬಲ್ಲದೇ?
— ಪ್ರೌಢಶಾಲೆ ವಿದ್ಯಾರ್ಥಿನಿ, ಆನೆಗೊಂದಿ

ಉತ್ತರ: ತಿರುಗುತ್ತದೆ ಪುಟ್ಟಿ, ಅಷ್ಟು ಬೇಗ ಅಲ್ಲ ಅಷ್ಟೆ. ಹಡಗಿನ ಮೂತಿಯ ಹತ್ತಿರ, ನೀರಿನ ಕೆಳಗೆ, ಎಡದಿಂದ ಬಲಕ್ಕೆ ಆರಪಾರ ಸುರಂಗಗಳಿರುತ್ತವೆ. ಅದರೊಳಗೊಂದು ಪ್ರೊಪೆಲ್ಲರ್. ಅದು ನೀರನ್ನು ಎಡಕ್ಕೆ ದೂಡಿದರೆ ಮೂತಿ ಬಲಕ್ಕೆ ಸರಿಯುತ್ತದೆ. ಹಿಂದಿನ ಪಾಡ್‌ಗಳನ್ನು ಅಡ್ಡ ತಿರುಗಿಸಿದರೆ ಬಾಲವೂ ಸರಿಯುತ್ತದೆ. ಬಾಲವನ್ನು ಮೂತಿಯ ಎದುರು ಕಡೆಗೆ ಸರಿಸಿದರೆ ಹಡಗು ಇದ್ದಲ್ಲೇ ತಿರುಗುತ್ತದೆ. ಅದೇ ಕಡೆಗೆ ಸರಿಸಿದರೆ ಇಡೀ ಹಡಗು ಏಡಿಯ ಹಾಗೆ ಅಡ್ಡಡ್ಡ ನಡೆದು ದಕ್ಕೆಗೆ ಒರಗುತ್ತದೆ. ಓಯಸಿಸ್ ಆಫ್ ದಿ ಸೀಸ್ ಹಡಗಿಗೆ ಇಂಥ ನಾಲ್ಕು ಸುರಂಗ, ಒಂದೊಂದು 5.5 ಮೆಗಾವ್ಯಾಟ್. ಹಡಗು ವೇಗವಾಗಿ ಮುಂದೆ ಓಡುವಾಗ ಇವು ಕೆಲಸಕ್ಕೆ ಬರುವುದಿಲ್ಲ. ನಡೆಯುವ ಮನುಷ್ಯನ ವೇಗದಷ್ಟಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತವೆ.

ಪ್ರಶ್ನೆ: ಇವು ಸುಡುವುದು ನಮ್ಮ ಟ್ರ್ಯಾಕ್ಟರಿನ ಡೀಸೆಲ್ಲನ್ನೇ? ಒಂದು ದಿನಕ್ಕೆ ಎಷ್ಟು ಬೇಕು?
— ಟ್ರ್ಯಾಕ್ಟರ್ ಮೆಕ್ಯಾನಿಕ್, ಕಾರಟಗಿ

ಉತ್ತರ: ಒಳ್ಳೆ ಎಂಜಿನ್ ಒಂದು ಯೂನಿಟ್ ಕರೆಂಟಿಗೆ ಸುಮಾರು 180 ಗ್ರಾಂ ಎಣ್ಣೆ ಕುಡಿಯುತ್ತದೆ. ಹಡಗು 40 ಮೆಗಾವ್ಯಾಟಿನಲ್ಲಿ ಓಡುತ್ತಿದ್ದರೆ ಗಂಟೆಗೆ 7.2 ಟನ್, ದಿನಕ್ಕೆ 170 ಟನ್ ಮೀರುತ್ತದೆ. ವೇಗ ಹೆಚ್ಚಿಸಿದರೆ ಖರ್ಚು ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಹಾರುತ್ತದೆ. ವೇಗದ ಘನಕ್ಕೆ ತಕ್ಕಂತೆ ಶಕ್ತಿ ಬೇಕು: 20 ನಾಟ್‌ನಿಂದ 22 ನಾಟ್‌ಗೆ ಏರಿಸಿದರೆ ವೇಗ ನೂರಕ್ಕೆ ಹತ್ತು ಹೆಚ್ಚು, ಶಕ್ತಿ ನೂರಕ್ಕೆ ಮೂವತ್ತಮೂರು ಹೆಚ್ಚು. 22 ನಾಟ್ ಅಂದರೆ ಗಂಟೆಗೆ ಸುಮಾರು 41 ಕಿಲೋಮೀಟರ್. ರಾತ್ರಿ ನಿಧಾನವಾಗಿ ಹೋಗಿ ಬೆಳಿಗ್ಗೆ ಬಂದರು ಸೇರುವಂತೆ ವೇಳಾಪಟ್ಟಿ ಹಾಕುವುದು ಇದಕ್ಕೇ.

ಎಣ್ಣೆಯ ವಿಚಾರಕ್ಕೆ ಬಂದರೆ, ಬಹಳ ವರ್ಷ ಸುಟ್ಟದ್ದು ಫರ್ನೇಸ್ ಆಯಿಲ್. ರಿಫೈನರಿಯಲ್ಲಿ ಪೆಟ್ರೋಲ್, ಡೀಸೆಲ್ ತೆಗೆದ ಮೇಲೆ ತಳದಲ್ಲಿ ಉಳಿಯುವ ಗಟ್ಟಿ. ತಣ್ಣಗಿದ್ದರೆ ಡಾಂಬರಿನ ತಮ್ಮ. ಅದನ್ನು ಎಂಜಿನ್ನಿಗೆ ಉಣಿಸುವುದು ಒಂದು ಅಡುಗೆಯಷ್ಟೇ ಕೆಲಸ. ಸಂಗ್ರಹದ ಟ್ಯಾಂಕಿನಲ್ಲಿ ಉಗಿ ಕೊಳವೆಗಳಿಂದ 40-50 ಡಿಗ್ರಿಗೆ ಬಿಸಿ ಮಾಡಿದರೆ ಪಂಪಿಗೆ ಬರುತ್ತದೆ. ಸೆಟ್ಲಿಂಗ್ ಟ್ಯಾಂಕಿನಲ್ಲಿ ಇನ್ನಷ್ಟು ಬಿಸಿಯಲ್ಲಿ ನಿಲ್ಲಿಸಿ, ತಳಕ್ಕಿಳಿದ ನೀರು-ಕೆಸರನ್ನು ಕೆಳಗಿನ ನಲ್ಲಿಯಿಂದ ಬಿಡುತ್ತಾರೆ. ಆಮೇಲೆ ಪ್ಯೂರಿಫೈಯರ್: ಮಜ್ಜಿಗೆ ಕಡೆದಂತೆ ಸಾವಿರಾರು ಸುತ್ತಿನಲ್ಲಿ ತಿರುಗುವ ಬಟ್ಟಲು, ಎಣ್ಣೆ ಅಲ್ಲಿಗೆ ಬರುವಾಗ 98 ಡಿಗ್ರಿ ಇರಬೇಕು. ಭಾರದ ನೀರು, ಕಸ ಅಂಚಿಗೆ ಹೋಗುತ್ತದೆ, ಶುದ್ಧ ಎಣ್ಣೆ ನಡುವಿನಿಂದ ಬರುತ್ತದೆ. ಕೊನೆಗೆ ಎಂಜಿನ್ ಬಾಗಿಲಲ್ಲಿ 130 ಡಿಗ್ರಿಯ ಆಸುಪಾಸು. ಅಲ್ಲಿ ನೋಡುವುದು ಬಿಸಿಯನ್ನಲ್ಲ, ತೆಳುವನ್ನು: ವಿಸ್ಕೋಮೀಟರ್ 12-15 ಸೆಂಟಿಸ್ಟೋಕ್ ತೋರಿಸಬೇಕು. ಗಟ್ಟಿಯಾಗಿದ್ದರೆ ನೋಝಲ್ ಮಂಜಿನಂತೆ ಸಿಂಪಡಿಸದೆ ಧಾರೆ ಬಿಡುತ್ತದೆ, ಪಿಸ್ಟನ್ ತಲೆ ಸುಡುತ್ತದೆ. ತೀರಾ ತೆಳುವಾದರೆ ಫ್ಯೂಯಲ್ ಪಂಪಿನ ಪ್ಲಂಜರಿಗೆ ಜಿಡ್ಡು ಸಾಲದೆ ಹಿಡಿದುಕೊಳ್ಳುತ್ತದೆ.

ಇದರಲ್ಲಿ ಕಣ್ಣಿಗೆ ಕಾಣದ ವೈರಿಯೊಂದಿದೆ. ರಿಫೈನರಿಯಲ್ಲಿ ಬಳಸುವ ಅಲ್ಯೂಮಿನಿಯಂ-ಸಿಲಿಕಾನ್ ಪುಡಿಯ ಕಣಗಳು ಎಣ್ಣೆಯ ಜೊತೆ ಬಂದುಬಿಡುತ್ತವೆ. ಉಸುಕಿಗಿಂತ ನುಣುಪು, ಉಕ್ಕಿಗಿಂತ ಗಟ್ಟಿ. ಕೊಳ್ಳುವಾಗ ಕಿಲೋಗೆ 60 ಮಿಲಿಗ್ರಾಂ ತನಕ ಇರಬಹುದೆಂದು ಮಾನದಂಡ ಹೇಳುತ್ತದೆ, ಎಂಜಿನ್ ತಯಾರಕರು ಕೇಳುವುದು 15ಕ್ಕಿಂತ ಕಡಿಮೆ. ನಡುವಿನ ಅಂತರ ಮುಚ್ಚುವುದು ಪ್ಯೂರಿಫೈಯರ್ ಒಂದೇ. ಬಿಸಿ 98ರಿಂದ 85ಕ್ಕೆ ಇಳಿದರೂ ಅದರ ಹಿಡಿತ ಸಡಿಲವಾಗುತ್ತದೆ, ಲೈನರು-ರಿಂಗುಗಳು ಕೆಲವೇ ದಿನದಲ್ಲಿ ಸವೆಯುತ್ತವೆ.

2020ರ ಜನವರಿ 1ರಿಂದ ಎಣ್ಣೆಯಲ್ಲಿ ಗಂಧಕ ನೂರಕ್ಕೆ 0.5 ಮೀರಬಾರದು, ಮೊದಲು 3.5ರ ತನಕ ಬಿಟ್ಟಿದ್ದರು. ಉತ್ತರ ಯುರೋಪು, ಅಮೆರಿಕದ ಕರಾವಳಿಯಂಥ ಕಡೆ 0.1 ಮಾತ್ರ. ಹಳೆ ಎಣ್ಣೆಯೇ ಸುಡಬೇಕೆನ್ನುವವರು ಹೊಗೆಕೊಳವೆಗೆ ತೊಳೆಯುವ ಸ್ಕ್ರಬ್ಬರ್ ಹಾಕಿಸಿಕೊಂಡಿದ್ದಾರೆ. 2018ರ ಐಡಾನೋವಾದಿಂದ ಮೊದಲಾಗಿ ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಿದ ನೈಸರ್ಗಿಕ ಅನಿಲ ಸುಡುವ ಹಡಗುಗಳೂ ಬಂದಿವೆ. ಅಲ್ಲಿಯೂ ಅನಿಲ ಹೊತ್ತಿಕೊಳ್ಳಲು ಚೂರು ಡೀಸೆಲ್ ಸಿಡಿಸಲೇಬೇಕು. ಗಂಧಕ, ಮಸಿ ಬಹುತೇಕ ಹೋಗುತ್ತವೆ. ಉರಿಯದೆ ಹೊರಬೀಳುವ ಮೀಥೇನ್ ಮಾತ್ರ ಇನ್ನೂ ಬಗೆಹರಿಯದ ತಕರಾರು.

ಪ್ರಶ್ನೆ: ಐದಾರು ಎಂಜಿನ್ ಇದ್ದೂ ಹಡಗುಗಳು ನಡುಗಡಲಲ್ಲಿ ಕತ್ತಲಾಗಿ ನಿಂತ ಸುದ್ದಿ ಓದುತ್ತೇವೆ. ಎಲ್ಲ ಒಟ್ಟಿಗೆ ಹೇಗೆ ಕೆಡುತ್ತವೆ?
— ಓದುಗರು, ಕೊಪ್ಪಳ

ಉತ್ತರ: ಎಂಜಿನ್‌ಗಳು ಬೇರೆ ಬೇರೆ ಇದ್ದರೂ ಅವು ಹಂಚಿಕೊಳ್ಳುವ ಏನೋ ಒಂದು ಇರುತ್ತದೆ. ಅದು ಕೆಟ್ಟರೆ ಎಲ್ಲವೂ ನಿಲ್ಲುತ್ತವೆ. ಮೂರು ನಿಜ ಘಟನೆಗಳಲ್ಲಿ ಇದನ್ನು ನೋಡಬಹುದು.

2019ರ ಮಾರ್ಚ್ 23. ನಾರ್ವೆಯ ಹುಸ್ತಾದ್‌ವೀಕಾ ಎಂಬ ಬಂಡೆಗಳ ಕಡಲಿನಲ್ಲಿ, ಬಿರುಗಾಳಿಯಲ್ಲಿ, ವೈಕಿಂಗ್ ಸ್ಕೈ ಹಡಗಿನ ಓಡುತ್ತಿದ್ದ ಎಂಜಿನ್‌ಗಳೆಲ್ಲ ನಿಂತವು. ನಾಲ್ಕರಲ್ಲಿ ಒಂದು ಟರ್ಬೊ ಕೆಟ್ಟು ಮೊದಲೇ ಮೂಲೆಗೆ ಸೇರಿತ್ತು. ಉಳಿದವುಗಳಲ್ಲಿ ಒಂದು ಭಾಗವೂ ಮುರಿದಿರಲಿಲ್ಲ. ಆದದ್ದಿಷ್ಟು: ಲ್ಯೂಬ್ ಆಯಿಲ್ ಟ್ಯಾಂಕಿನಲ್ಲಿ ತಯಾರಕರು ಹೇಳಿದ್ದು ನೂರಕ್ಕೆ 68-75, ಇದ್ದದ್ದು 28-40. ಹಡಗು ಜೋರಾಗಿ ಹೊಯ್ದಾಡಿದಾಗ ಎಣ್ಣೆ ಒಂದು ಬದಿಗೆ ಸರಿದು, ಪಂಪಿನ ಹೀರುವ ಬಾಯಿ ಗಾಳಿ ಕುಡಿಯಿತು. ಒತ್ತಡ ಬಿತ್ತು, ಬೇರಿಂಗ್ ಉಳಿಸಲು ಸೇಫ್ಟಿ ಟ್ರಿಪ್ ಎಂಜಿನ್ನನ್ನು ನಿಲ್ಲಿಸಿತು. ಒಂದರ ಮೇಲೊಂದು, ಎಲ್ಲವೂ. ಏರಿನಲ್ಲಿ ಓರೆ ನಿಂತ ಟ್ರ್ಯಾಕ್ಟರಿಗೆ ಎಣ್ಣೆ ಕಮ್ಮಿಯಿದ್ದರೆ ಕೆಂಪು ಲೈಟ್ ಮಿನುಗುವುದಿಲ್ಲವೇ, ಅದೇ. 1373 ಜನರಿದ್ದ ಆ ಹಡಗು ಬಂಡೆಗೆ ತನ್ನದೇ ಉದ್ದದಷ್ಟು ಹತ್ತಿರ ತೇಲಿ ಹೋಗಿತ್ತು. 479 ಮಂದಿಯನ್ನು ಹೆಲಿಕಾಪ್ಟರಿನಲ್ಲಿ ಒಬ್ಬೊಬ್ಬರಾಗಿ ಎತ್ತಿದರು. ಎಣ್ಣೆಯ ಮಟ್ಟ ನೋಡುವ ಕೆಲಸವನ್ನು ಹೊಸಬರ ಪಾಲಿಗೆ ಬಿಡುವ ವರ್ಕ್‌ಶಾಪುಗಳು ಈ ಸಂಖ್ಯೆಗಳನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಎರಡನೆಯದು 2013ರ ಫೆಬ್ರವರಿ 10ರ ಕಾರ್ನಿವಲ್ ಟ್ರಯಂಫ್. ಆರನೇ ಜನರೇಟರಿನ ಇಂಧನ ವಾಪಸು ಬರುವ ಹೊಂದಿಕೊಳ್ಳುವ ಹೋಸ್ ಪೈಪ್ ಸೋರಿತು, ಎಣ್ಣೆ ಬಿಸಿ ಮೇಲ್ಮೈಗೆ ತಾಗಿ ಬೆಂಕಿ. ಬೆಂಕಿ ಆರಿತು. ಆದರೆ ಸುಟ್ಟದ್ದು ಕೇಬಲ್ಲುಗಳು ಹಾದುಹೋಗುವ ಜಾಗ. ಎಂಜಿನ್‌ಗಳು ಉಳಿದಿದ್ದರೂ ಕರೆಂಟ್ ಸಾಗಿಸುವ ದಾರಿ ಇಲ್ಲದೆ, ನಾಲ್ಕು ಸಾವಿರಕ್ಕೂ ಹೆಚ್ಚು ಜನ ಶೌಚಾಲಯವೂ ನಡೆಯದ ಹಡಗಿನಲ್ಲಿ ದಿನಗಟ್ಟಲೆ ಇದ್ದು, ಟಗ್‌ಗಳ ಎಳೆತದಲ್ಲಿ ದಡ ಸೇರಿದರು. ಇಂಥ ಬೆಂಕಿ ತಡೆಯಲೆಂದೇ ಇಂಧನದ ಹೆಚ್ಚಿನ ಒತ್ತಡದ ಪೈಪಿಗೆ ಎರಡು ಪದರ ಇರಬೇಕು, 220 ಡಿಗ್ರಿಗಿಂತ ಬಿಸಿಯಾಗುವ ಭಾಗವನ್ನೆಲ್ಲ ಹೊದಿಸಿರಬೇಕು ಎಂಬ ನಿಯಮ. ಸರ್ವೀಸ್ ಮುಗಿಸಿ ಹೊದಿಕೆ ಮತ್ತೆ ಹಾಕದೆ ಬಿಡುವುದು ಸಣ್ಣ ಸೋಮಾರಿತನ, ಬೆಂಕಿಗೆ ಅಷ್ಟೇ ಸಾಕು.

ಮೂರನೆಯದರಲ್ಲಿ ಎಂಜಿನ್ನಿನ ತಪ್ಪೇ ಇಲ್ಲ. 2010ರ ಸೆಪ್ಟೆಂಬರ್ 23ರಂದು ಬಾರ್ಸಿಲೋನಾ ಹತ್ತಿರ ಬರುತ್ತಿದ್ದ ಕ್ವೀನ್ ಮೇರಿ 2ರಲ್ಲಿ ಕೆಪ್ಯಾಸಿಟರ್ ಸ್ಫೋಟಿಸಿತು. ಡ್ರೈವ್‌ಗಳು ಕರೆಂಟಿನ ಅಲೆಯನ್ನು ಕೆಡಿಸುತ್ತವೆ. ಅದನ್ನು ಸರಿಮಾಡುವ ಹಾರ್ಮೋನಿಕ್ ಫಿಲ್ಟರಿನೊಳಗಿನ ಕೆಪ್ಯಾಸಿಟರ್ ಅದು. ನಾಲ್ಕೂ ಪಾಡ್ ನಿಂತವು, ಹಡಗು ಕತ್ತಲಾಯಿತು. ಕೆಪ್ಯಾಸಿಟರ್ ಹಾಳಾಗುತ್ತಿದೆ ಎಂದು ಮುಂಚೆ ಹೇಳಬೇಕಿದ್ದ ರಕ್ಷಣೆ ಕೆಲಸ ಮಾಡುತ್ತಿರಲಿಲ್ಲ. ಅಲಾರಂ ಕೂಗಲಿಲ್ಲವೆಂದರೆ ಎಲ್ಲ ಸರಿ ಇದೆ ಎಂದಲ್ಲ, ಅಲಾರಂ ಸತ್ತಿರಲೂಬಹುದು. ಅದನ್ನು ಆಗಾಗ ಬೇಕೆಂದೇ ಕೂಗಿಸಿ ನೋಡಬೇಕು.

ಕರೆಂಟ್ ಹೋದರೆ ಏನಾಗುತ್ತದೆ? ಮೇಲಿನ ಅಂತಸ್ತಿನಲ್ಲಿ ಬೇರೆಯೇ ಇಟ್ಟ ತುರ್ತು ಜನರೇಟರ್ 45 ಸೆಕೆಂಡಿನೊಳಗೆ ತಾನಾಗಿ ಶುರುವಾಗಿ ದೀಪ, ಅಗ್ನಿಶಾಮಕ ಪಂಪು, ರೇಡಿಯೊಗಳಿಗೆ ಕರೆಂಟ್ ಕೊಡಬೇಕು. ಹಡಗನ್ನು ಓಡಿಸುವ ಶಕ್ತಿ ಅದಕ್ಕಿಲ್ಲ. ಒಂದೇ ಎಂಜಿನ್ ಬಿದ್ದಾಗ ಉಳಿದವು ಓವರ್‌ಲೋಡ್ ಆಗದಂತೆ ಕಂಪ್ಯೂಟರ್ ಲೋಡ್ ಶೆಡ್ಡಿಂಗ್ ಮಾಡುತ್ತದೆ: ಎ.ಸಿ., ಅಡುಗೆಮನೆಯಂಥ ಲೋಡುಗಳನ್ನು ಕಳಚಿಹಾಕುತ್ತದೆ. 2010ರ ಜುಲೈ 1ರ ನಂತರ ಕಟ್ಟಲು ಆರಂಭಿಸಿದ, 120 ಮೀಟರ್ ಅಥವಾ ಅದಕ್ಕಿಂತ ಉದ್ದದ ಪ್ರಯಾಣಿಕ ಹಡಗುಗಳಿಗೆ ಇನ್ನೂ ಕಟ್ಟುನಿಟ್ಟು. ಬೆಂಕಿಯಿಂದಲೋ ನೀರು ನುಗ್ಗಿಯೋ ಒಂದು ಎಂಜಿನ್ ಕೋಣೆ ಹೋದರೂ ಇನ್ನೊಂದು ಕೋಣೆ, ಅದರದ್ದೇ ಪಂಪು, ಪ್ಯಾನೆಲ್, ಕೇಬಲ್ ದಾರಿಗಳಿಂದ ಹಡಗು ತಾನೇ ಬಂದರು ಸೇರಬೇಕು.

ಪ್ರಶ್ನೆ: ಸಾವಿರಾರು ಜನಕ್ಕೆ ಕುಡಿಯುವ ನೀರು ಎಲ್ಲಿಂದ?
— ಗೃಹಿಣಿ, ಮಾನ್ವಿ

ಉತ್ತರ: ಅರ್ಧ ಎಂಜಿನ್ನಿನ ಬಿಸಿಯಿಂದ, ಅರ್ಧ ನಿಮ್ಮೂರಿನ ಶುದ್ಧ ನೀರಿನ ಘಟಕದಲ್ಲಿರುವಂಥ ಆರ್‌ಓದಿಂದ. ಎಂಜಿನ್ ತಣಿಸಿ ಬಂದ ನೀರು 80-90 ಡಿಗ್ರಿ ಇರುತ್ತದೆ. ಅದನ್ನು ಗಾಳಿ ಹೀರಿ ತೆಗೆದ ಪಾತ್ರೆಯೊಳಗೆ ಹರಿಸಿದರೆ ಅಲ್ಲಿನ ಸಮುದ್ರದ ನೀರು 45-50 ಡಿಗ್ರಿಗೇ ಕುದಿಯುತ್ತದೆ, ಆವಿ ತಣಿಸಿದರೆ ಸಿಹಿನೀರು. ಅದಕ್ಕೆ ಸುಣ್ಣದಂಶ ಬೆರೆಸಿ, ಕ್ಲೋರಿನ್ ಹಾಕಿ ನಲ್ಲಿಗೆ ಬಿಡುತ್ತಾರೆ.

ಪ್ರಶ್ನೆ: ಇಲೆಕ್ಟ್ರಿಕಲ್ ಬಿ.ಇ. ಓದುತ್ತಿದ್ದೇನೆ. ಇಂಥ ಹಡಗಿನಲ್ಲಿ ಕೆಲಸಕ್ಕೆ ದಾರಿ ಯಾವುದು? ಏಜೆಂಟರು ದುಡ್ಡು ಕೇಳುತ್ತಿದ್ದಾರೆ.
— ವಿದ್ಯಾರ್ಥಿ, ಕುಷ್ಟಗಿ

ಉತ್ತರ: ಹಡಗು ಪವರ್ ಹೌಸ್ ಆದ ಮೇಲೆ ನಿಮ್ಮಂಥವರಿಗೆ ಬೇಡಿಕೆ ಬಂದಿದೆ. ಇಲೆಕ್ಟ್ರಿಕಲ್, ಇಲೆಕ್ಟ್ರಾನಿಕ್ಸ್ ಪದವೀಧರರಿಗೆ ಇಲೆಕ್ಟ್ರೋ-ಟೆಕ್ನಿಕಲ್ ಆಫೀಸರ್, ಅಂದರೆ ಇ.ಟಿ.ಓ. ಕೋರ್ಸ್ ಇದೆ, ಮೆಕ್ಯಾನಿಕಲ್‌ನವರಿಗೆ ಒಂದು ವರ್ಷದ ಗ್ರಾಜುಯೇಟ್ ಮರೈನ್ ಎಂಜಿನಿಯರಿಂಗ್, ಅಂದರೆ ಜಿ.ಎಂ.ಇ. ಭಾರತ ಸರ್ಕಾರದ ನೌಕಾಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ. ಶಿಪ್ಪಿಂಗ್, ಒಪ್ಪಿದ ಸಂಸ್ಥೆಯಲ್ಲೇ ಸೇರಿ. ಫೀಸು ಕಟ್ಟುವ ಮೊದಲೇ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಿ. ಬಣ್ಣ ಗುರುತಿಸಲು ಬಾರದವರನ್ನು ವೈದ್ಯಕೀಯದಲ್ಲಿ ತೆಗೆದುಬಿಡುತ್ತಾರೆ, ಕೋರ್ಸ್ ಮುಗಿದ ಮೇಲೆ ಗೊತ್ತಾದರೆ ಹಣ ಹೋದಂತೆಯೇ.

ಏಜೆಂಟರ ವಿಷಯ ಸ್ಪಷ್ಟ. ನೌಕರಿ ಕೊಡಿಸಲು ನಾವಿಕನಿಂದ ಹಣ ಪಡೆಯುವುದು ಕಾನೂನಿಗೆ ವಿರುದ್ಧ. ಪರವಾನಗಿ ಇರುವ ಕಂಪನಿಗೆ ಆರ್.ಪಿ.ಎಸ್.ಎಲ್., ಅಂದರೆ ನಾವಿಕರ ನೇಮಕಾತಿ ಪರವಾನಗಿಯ, ಸಂಖ್ಯೆ ಇರುತ್ತದೆ. ಆ ಸಂಖ್ಯೆ ಕೇಳಿ, ಡಿ.ಜಿ. ಶಿಪ್ಪಿಂಗ್ ಜಾಲತಾಣದ ಪಟ್ಟಿಯಲ್ಲಿ ಅದೇ ಹೆಸರು, ಅದೇ ವಿಳಾಸ, ಮುಗಿಯದ ಅವಧಿ ಇದೆಯೇ ಎಂದು ನೋಡಿ. ಸಂಖ್ಯೆ ಕೊಡಲು ಹಿಂದೆ ಮುಂದೆ ನೋಡಿದರೆ ನಿಮ್ಮ ಅಸಲು ಅಂಕಪಟ್ಟಿ, ಪಾಸ್‌ಪೋರ್ಟ್ ಅವರ ಕೈಗೆ ಕೊಡಬೇಡಿ.